ಕೆಡವಿದ ಬರಾಕಿನ ಫೈನಾ

ಫೈನಾ ಯೆಗೋರೊವ್ನಾಗೆ ಕಾರ್ಖಾನೆಯವರು ಒಂದು ಮನೆ ಬಾಕಿ ಉಳಿಸಿಕೊಂಡಿದ್ದಾರೆ. ಇವತ್ತಿಗೂ ತೀರಿಸಿಲ್ಲ.

ಈ ಸಾಲ ಹುಟ್ಟಿದ್ದು ೧೯೪೧ರಲ್ಲಿ, ಜರ್ಮನ್ನರ ಜೊತೆಗಿನ ಯುದ್ಧದ ಮೊದಲ ಚಳಿಗಾಲದಲ್ಲಿ. ಶತ್ರುವಿನ ಕೈಗೆ ಸಿಗದಿರಲೆಂದು ತೂಲಾದಿಂದ ಯಂತ್ರಗಳನ್ನೂ ಜನರನ್ನೂ ಒಂದೇ ರೈಲಿಗೆ ತುಂಬಿ ತಂದು, ಪೆರ್ಮ್‌ನಲ್ಲಿ ಕಾಮಾ ನದಿಯ ದಡಕ್ಕೆ ಸುರಿದರು. ಸೂರು ಮೊದಲು ಸಿಕ್ಕಿದ್ದು ಯಂತ್ರಗಳಿಗೆ. ಜನರಿಗೆ ಬರಾಕು, ಅಂದರೆ ಹಲಗೆಯ ವಠಾರ: ಗೋಡೆಯೊಳಗೆ ಮರದ ಹೊಟ್ಟು, ನಡುವೆ ಉದ್ದನೆಯ ಓಣಿ, ಕಕ್ಕಸು ಅಂಗಳದಾಚೆ. 'ತಾತ್ಕಾಲಿಕ' ಎಂದರು. ಆ ತಾತ್ಕಾಲಿಕದಲ್ಲೇ ಫೈನಾಳ ತಾಯಿ ಮಗಳನ್ನು ಹೆತ್ತಳು, ಅಲ್ಲೇ ಸತ್ತಳು. ಮಗಳು ಅದೇ ಕಾರ್ಖಾನೆಯ ಕ್ರೇನ್ ಹತ್ತಿ ಜೀವ ತೇದಳು. ಇಂಥವರನ್ನು ತುಂಬಿ ತುಂಬಿಯೇ ಊರು ಊದಿಕೊಂಡು ಹತ್ತು ಲಕ್ಷ ಮುಟ್ಟಿದ್ದು.

೨೦೦೨ರ ವಸಂತದಲ್ಲಿ ಫೈನಾ ಮನೆ ಕೇಳಲು ಹೋದಳು. ಕಾರ್ಖಾನೆಯ ವಸತಿ ವಿಭಾಗದ ಗುಮಾಸ್ತೆ ಎಲ್ವಿರಾ ಬೋರಿಸೊವ್ನಾ ತಲೆಯನ್ನೂ ಎತ್ತಲಿಲ್ಲ.

"ಆ ಬರಾಕು ಕೆಡವಿ ವರ್ಷ ಆಯ್ತು. ಅಲ್ಲಿ ಯಾರೂ ಇಲ್ಲ."

"ನಾನಿದೀನಲ್ಲಮ್ಮ."

"ದಾಖಲೇಲಿ ಇಲ್ಲ."

ಅಕ್ಟೋಬರಿನಲ್ಲಿ ಜನಗಣತಿ ಬಂತು. ಎಣಿಕೆ ಹತ್ತು ಲಕ್ಷಕ್ಕಿಂತ ಕೆಳಗಿಳಿದರೆ ಊರಿನ ಮಾನ ಹೋಗುತ್ತದೆಂದು ಎಲ್ಲೆಲ್ಲೂ ಗುಲ್ಲು. ಎಣಿಸಲು ಕಂಡಕಂಡವರನ್ನೆಲ್ಲ ಅಟ್ಟಿದ್ದರು. ಕಾಗದದಲ್ಲಷ್ಟೇ ಕೆಡವಿದ್ದ ಬರಾಕಿನಲ್ಲಿ ಫೈನಾಳ ಕೋಣೆಯ ಬಾಗಿಲು ತಟ್ಟಿದವಳು ಅದೇ ಎಲ್ವಿರಾ, ಹೆಗಲಲ್ಲಿ ಗಣತಿಯ ಚೀಲ.

"ಬಾಗಿಲು ತೆಗೀರಿ ಫೈನಾ ಯೆಗೋರೊವ್ನಾ. ಎಣಿಸ್ಕೊಂಡು ಹೋಗ್ತೀನಿ."

"ಯಾವ ಬಾಗಿಲು, ಎಲ್ವಿರೋಚ್ಕಾ? ಕೆಡವಿಸಿದ್ಯಲ್ಲ."

"ಅದು ಬೇರೆ ಕೆಲಸ, ಇದು ಬೇರೆ ಕೆಲಸ."

"ಸರಿ. ಇವಳು ಇಲ್ಲಿ ವಾಸವಾಗಿದಾಳೆ ಅಂತ ಬರೆದು, ರುಜು ಹಾಕಿ, ಒಂದು ಪ್ರತಿ ನನಗೆ ಕೊಡು. ತೆಗೀತೀನಿ."

"ಅದಾಗಲ್ಲ. ಗಣತಿಲಿ ಹೇಳಿದ್ದು ಗುಟ್ಟು. ಯಾವ ಕಚೇರಿಗೂ ತೋರಿಸೋ ಹಾಗಿಲ್ಲ."

"ಅಂದ್ರೆ ನಾನು ಗುಟ್ಟಾಗಿ ಬದುಕಿದೀನಿ. ಹಾಗಾದ್ರೆ ನಡಿ, ಗುಟ್ಟು ರಟ್ಟಾದೀತು."

ಎಲ್ವಿರಾ ಓಣಿಯಲ್ಲೇ ನಿಂತು ಪಕ್ಕದ ಕೋಣೆಯ ಕುಡುಕ ಗೆರಾಸಿಮನನ್ನು ಕೇಳಿದಳು: "ಒಳಗಿರೋದು ಒಬ್ಬಳೇನಾ?"

"ಒಬ್ಬಳೇ. ಬೈಯೋಕೆ ನಿಂತ್ರೆ ಮಾತ್ರ ನಾಲ್ಕು ಜನ."

ಅಷ್ಟು ಸಾಕಾಯಿತು. ಗೋಡೆಗೆ ಹಾಳೆ ಒತ್ತಿ ಬರೆದುಕೊಂಡಳು: ಹೆಣ್ಣು, ಒಂಟಿ, ಪಿಂಚಣಿ. ಫೈನಾ ಬಾಗಿಲು ತೆರೆದು ಕಿತ್ತುಕೊಳ್ಳಲು ಬರುವಷ್ಟರಲ್ಲಿ ಅವಳು ಅಂಗಳ ದಾಟಿದ್ದಳು.

ಹತ್ತು ಲಕ್ಷ ಕೂದಲೆಳೆಯಲ್ಲಿ ಉಳಿಯಿತು. ಊರು ಮೀಸೆ ತಿರುವಿತು. ಜನವರಿಯಲ್ಲಿ ಫೈನಾಳ ಮಾಡು, ಹಿಮದ ಭಾರಕ್ಕೆ, ಹಾಸಿಗೆಯ ಮೇಲೆಯೇ ಕುಸಿಯಿತು. ಸೊಂಟ ಮುರಿದವಳ ಪರವಾಗಿ ಗೆರಾಸಿಮ್ ವಸತಿ ವಿಭಾಗಕ್ಕೆ ಹೋದ. ಇಲ್ಲದ ಮನೆಯ ಮಾಡು ಬೀಳುವುದು ಹೇಗೆಂದು ಎಲ್ವಿರಾ ಅವನನ್ನೇ ಕೇಳಿ ಕಳಿಸಿದಳು. ಫೈನಾ ಈಗ ಅವನ ಕೋಣೆಯ ಬೆಂಚಿನ ಮೇಲೆ ಮಲಗಿದ್ದಾಳೆ. ಆ ಮಾಡೂ ಜೋತುಬಿದ್ದಿದೆ.

ಹತ್ತು ಲಕ್ಷದ ಊರು ಎಂದು ಬಾಯ್ತುಂಬ ಹೇಳುವವರೇ, ಆ ಲೆಕ್ಕದಿಂದ ಈ ಹೆಂಗಸನ್ನು ಕಿತ್ತುಹಾಕಿ. ಆಗದಿದ್ದರೆ ಒಂದು ಮನೆಯ ಬೀಗದ ಕೈ ತಂದು ಅವಳ ಕೈಗಿಡಿ. ಯಾವುದು ಮಾಡುತ್ತೀರಿ, ಈಗಲೇ ಹೇಳಿ.