ಸಿದ್ದಪ್ಪ ಕಾಕಾನ ಗಾಲ್ಫಿನ ಕಣ

ಐವತ್ತಮೂರನೆಯ ಇಸವಿಯ ಮಾತು. ಸುಗ್ಗಿ ಮುಗಿದು ಜೋಳ ಮನೆ ಸೇರಿತ್ತು. ನನಗೆ ಆಗ ಹನ್ನೊಂದು ವರ್ಷ. ಜತ್ತ ತಾಲೂಕಿನ ಉಟಗಿ ನಮ್ಮೂರು. ಅಲ್ಲಿ ನಾವು ಗಾಲ್ಫ್ ಆಡುತ್ತಿದ್ದೆವು ಎಂದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ, ನನಗೇನೂ ನಗು ಬರುವುದಿಲ್ಲ.

ಪಕ್ಕದ ಮನೆಯ ಸಿದ್ದಪ್ಪ ಕಾಕಾ ಪುಣೆಯ ಕಡೆ ದೊರೆಗಳ ಗಾಲ್ಫ್ ಮೈದಾನದಲ್ಲಿ ಇಪ್ಪತ್ತು ವರ್ಷ ದುಡಿದವರು. ಮೊದಲು ಅವರ ಕೋಲಿನ ಚೀಲ ಹೊತ್ತರು, ಆಮೇಲೆ ಅವರ ಮಕ್ಕಳಿಗೆ ಆಟ ಕಲಿಸಿದರು. ದೊರೆಗಳು ಹಡಗು ಹತ್ತಿ ಹೋದ ಮೇಲೆ ಮೂರು ಹಳೆಯ ಕೋಲು, ಒಂದು ಡಬ್ಬಿ ಚೆಂಡು ತೆಗೆದುಕೊಂಡು ಊರಿಗೆ ಬಂದರು. ಹೊಲ ಇತ್ತು, ಉಣ್ಣಲು ಕೊರತೆ ಇರಲಿಲ್ಲ. ಆದರೆ ಕಲಿಸುವ ಚಟ ಬಿಡಬೇಕಲ್ಲ? ಸಂಜೆ ಸಾಲೆ ಬಿಟ್ಟ ಕೂಡಲೇ ನಮ್ಮನ್ನೆಲ್ಲ ದನ ಮೇಯುವ ಬಯಲಿಗೆ ಕರೆದುಕೊಂಡು ಹೋಗುತ್ತಿದ್ದರು. ಮೂರು ಕೋಲು ಸರದಿಯ ಮೇಲೆ, ಉಳಿದವರಿಗೆ ಜಾಲಿಯ ಡೊಂಕು ಕೋಲು.

ಅವರ ಮೊದಲ ಪಾಠ ನನಗೆ ಇನ್ನೂ ನೆನಪಿದೆ. "ಕೋಲು ಆಡಿನ ಮೊಲಿ ಹಿಡದಂಗ ಹಿಡೀರಿ. ಬಿಗಿ ಹಿಡದ್ರ ಒದೀತದ, ಸಡಲ ಬಿಟ್ರ ಹಾಲು ಬರೂದಿಲ್ಲ." ಮಾಸ್ತರರ ಮಗನೊಬ್ಬನನ್ನು ಬಿಟ್ಟು ಎಲ್ಲರಿಗೂ ಇದು ಚೆನ್ನಾಗಿ ತಿಳಿಯಿತು.

ಬಯಲಿನ ಕೊನೆಗೆ ಚೆಂಡು ಹಾಕುವ ಕುಣಿ. ಅದರ ಸುತ್ತ ನೆಲವನ್ನು ದುಂಡಗೆ, ಸಪಾಟಾಗಿ ಬಡಿದಿದ್ದರು. ನೋಡಲು ಥೇಟ್ ಜೋಳದ ಕಣ. ನಾವು ಮಕ್ಕಳು ಮೊದಲ ದಿನವೇ ಚಪ್ಪಲಿ ಹೊರಗೆ ಬಿಟ್ಟು ಅದರ ಮೇಲೆ ಕಾಲಿಟ್ಟೆವು. ಕಣಕ್ಕೆ ಚಪ್ಪಲಿ ಮೆಟ್ಟಿ ಯಾರಾದರೂ ಹೋಗುತ್ತಾರೆಯೇ? ಕಾಕಾ ನಕ್ಕರು, ಆಮೇಲೆ ತಾವೂ ಬಿಟ್ಟರು. ಅಂದಿನಿಂದ ಅದರ ಹೆಸರೇ ಕಣ ಎಂದಾಯಿತು. ಅದನ್ನು ಗುಡಿಸುವ ಕೆಲಸ ನನ್ನದು.

ಒಂದೇ ಒಂದು ವಿಷಯ ನನಗೆ ಸೇರುತ್ತಿರಲಿಲ್ಲ. ಕಾಕಾ ಆ ಕಣದ ಮೇಲೆ ಹಳ್ಳದ ಸಣ್ಣ ಉಸುಕು ತಂದು, ಮೋಟಾರಿನ ಸುಟ್ಟ ಎಣ್ಣೆ ಕಲಸಿ ಹರವಿದ್ದರು. ಕರ್ರಗೆ, ನಾತ ಬೇರೆ. ನನ್ನ ಅವ್ವ ಕಣ ಸಾರಿಸುವುದರಲ್ಲಿ ಊರಿಗೇ ಹೆಸರಾದವಳು. ಅವಳು ಸಾರಿಸಿದ ಕಣದಲ್ಲಿ ರಾಶಿ ಮಾಡಿದರೆ ಜೋಳದಲ್ಲಿ ಒಂದು ಹಳ್ಳು ಸಿಗುತ್ತಿರಲಿಲ್ಲ. ಅಂಥವಳ ಮಗಳು ನಾನು. ದಿನಾ ಉಸುಕಿನ ಕಣ ಗುಡಿಸುವಾಗ ನನಗೇ ಅವಮಾನವಾಗುತ್ತಿತ್ತು.

ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವನು ಕುರಿ ಕಾಯುವವರ ಮನೆಯ ಮಾಳಪ್ಪ. ನನಗಿಂತ ಎರಡು ವರ್ಷ ದೊಡ್ಡವನು. ಕಾಕಾನಿಗೆ ಮಕ್ಕಳಿರಲಿಲ್ಲ. ಮಾಳಪ್ಪ ಅವರ ಮನೆಯಲ್ಲೇ ಉಣ್ಣುತ್ತಿದ್ದ, ಅವರ ಹಿಂದೆಯೇ ತಿರುಗುತ್ತಿದ್ದ. ಅವನಿಗಾಗಿ ಕಾಕಾ ಪುಣೆಗೆ ಪತ್ರ ಬರೆದರು. ಅಲ್ಲಿ ಬೇಸಿಗೆ ಸೂಟಿಯಲ್ಲಿ ಮಕ್ಕಳಿಗೆ ಒಂದು ತಿಂಗಳು ಊಟ, ವಸತಿ ಕೊಟ್ಟು ಗಾಲ್ಫ್ ಕಲಿಸುತ್ತಿದ್ದರಂತೆ. ಹುಡುಗನನ್ನು ಕಣ್ಣಾರೆ ನೋಡಿ ಆರಿಸುತ್ತೇವೆ ಎಂದು ಉತ್ತರ ಬಂತು. ಮೈದಾನದ ಸಾಹೇಬರೊಬ್ಬರು ಸೊಲ್ಲಾಪುರಕ್ಕೆ ಹೋಗುವಾಗ ಸುತ್ತು ಬಳಸಿ ನಮ್ಮೂರಿಗೆ ಬರುವುದೆಂದಾಯಿತು. ಕಾಕಾ ಅವರನ್ನು ಕರೆತರಲು ಹಿಂದಿನ ದಿನವೇ ಜತ್ತಕ್ಕೆ ಹೋದರು.

ಆ ದಿನ ಸಂಜೆ ನಾನು ಒಬ್ಬಳೇ ಬಯಲಿಗೆ ಹೋದೆ. ಪುಣೆಯ ಸಾಹೇಬರು ಬರುವಾಗ ಕಣ ಹೀಗಿದ್ದರೆ ನಮ್ಮೂರ ಹೆಣ್ಣುಮಕ್ಕಳ ಮಾನ ಏನಾಗಬೇಕು? ಉಸುಕನ್ನೆಲ್ಲ ಗುಡಿಸಿ ಗುಡಿಸಿ ಬುಟ್ಟಿಯಲ್ಲಿ ತುಂಬಿ ಹಳ್ಳಕ್ಕೆ ಚೆಲ್ಲಿದೆ. ಎಮ್ಮೆಯ ಸೆಗಣಿ ಕಲಸಿ, ಅವ್ವ ಸಾರಿಸುವಂತೆಯೇ ನಡುವಿನಿಂದ ಅಂಚಿಗೆ ಸುತ್ತುತ್ತ ಸಾರಿಸಿದೆ. ಕುಣಿಯ ಸುತ್ತ ರಂಗೋಲಿಯನ್ನೂ ಹಾಕಿದೆ. ಕಾಕಾ ನೋಡಿ ನನ್ನನ್ನು ಹೊಗಳುವುದನ್ನು ನೆನೆಸಿಕೊಂಡು ಮನೆಗೆ ಬಂದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ ಎಂದು ನನಗೇನು ಗೊತ್ತು!

ಮರುದಿನ ಹತ್ತು ಗಂಟೆಗೆ ಜೀಪು ಬಂತು. ಸಾಹೇಬರಿಗೆ ಎರಡು ತಾಸಷ್ಟೇ ಪುರುಸೊತ್ತು. ಮಾಳಪ್ಪ ದೂರದಿಂದ ಹೊಡೆದ ಚೆಂಡು ಗಿಡಗ ಹಾರಿದಂತೆ ಹಾರಿ ಕಣದ ಅಂಚಿಗೇ ಬಿತ್ತು. ಸಾಹೇಬರು ಶಾಬ್ಬಾಸ್ ಎಂದು ಬೂಟು ಹಾಕಿಕೊಂಡೇ ಕಣ ಹತ್ತಿದರು. ಅವರ ಹಿಂದೆ ಬಂದ ಕಾಕಾ ಕಣ ನೋಡಿ ಗಕ್ಕನೆ ನಿಂತರು.

ಇನ್ನು ಚೆಂಡನ್ನು ಮೆಲ್ಲಗೆ ತಟ್ಟಿ ಕುಣಿಗೆ ಬೀಳಿಸಬೇಕು. ಮಾಳಪ್ಪ ದಿನದಂತೆ ತಟ್ಟಿದ. ಅವನ ಕೈಗೆ ಗೊತ್ತಿದ್ದದ್ದು ಉಸುಕಿನ ಮೇಲಿನ ನಿಧಾನದ ಓಟ. ಸೆಗಣಿ ಒಣಗಿ ಹೊಳೆಯುತ್ತಿದ್ದ ನೆಲದ ಮೇಲೆ ಚೆಂಡು ಜಾರಿ ಕುಣಿ ದಾಟಿ ಆಚೆಯ ಮುಳ್ಳಿಗೆ ಹೋಯಿತು. ಮತ್ತೆ ತಟ್ಟಿದ, ಈಚೆಗೆ ಬಂತು. ಐದಾರು ಸಲ ಹೀಗೇ ಆಯಿತು. ಕೊನೆಗೆ ಅವನು ಕೋಲನ್ನು ಬೀಸಿ ಒಗೆದು, ಅಳುತ್ತ ಕುಳಿತುಬಿಟ್ಟ.

ಸಾಹೇಬರ ಮುಖ ಗಂಟಾಯಿತು. ಕೋಲು ಒಗೆಯುವ ಹುಡುಗನಿಗೆ ಈ ಆಟ ಒಗ್ಗುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿದರು. ಕಣಕ್ಕೆ ಉಸುಕು ಹಾಕಬೇಕೆಂಬುದನ್ನೂ ಮರೆತಿದ್ದೀರಾ ಎಂದು ಕಾಕಾನನ್ನು ಕೇಳಿದರು. ಕಾಕಾ ನಮ್ಮ ಕಡೆ ಒಮ್ಮೆ ತಿರುಗಿ ನೋಡಿದರು. ನನ್ನ ಉಗುರಿನಲ್ಲಿ ಇನ್ನೂ ಸೆಗಣಿ ಇತ್ತು. ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಕಾಕಾ ಸಾಹೇಬರ ಕಡೆ ತಿರುಗಿ, ಸಾರಿಸಲು ತಾವೇ ಹೇಳಿ ಬಂದಿದ್ದಾಗಿಯೂ ತಪ್ಪು ತಮ್ಮದೇ ಎಂದೂ ಹೇಳಿದರು. ಅದನ್ನು ಮಾಳಪ್ಪ ಕೇಳಿಸಿಕೊಂಡ. ಎದ್ದವನು ಕಾಕಾನ ಮುಖವನ್ನೂ ನೋಡದೆ ಹೊರಟುಹೋದ.

ಜೀಪು ಹೋದ ಮೇಲೆ ಕಾಕಾ ನನ್ನ ತಲೆಯ ಮೇಲೆ ಕೈಯಿಟ್ಟರು. "ಕಣ ಏನೋ ಭಾಳ ಚಲೋ ಸಾರಿಸಿದಿ ನೋಡವ್ವಾ. ರಾಶಿ ಮಾಡಬಹುದು," ಎಂದರು. ನಾನು ಗೊಳೋ ಎಂದು ಅತ್ತು, ಮಾಳಪ್ಪನಿಗೆ ಈಗಲೇ ಹೇಳಿ ಬರಲೇ ಎಂದು ಕೇಳಿದೆ.

"ಇವತ್ತು ಬ್ಯಾಡ. ಅವನ ಸಿಟ್ಟು ಇಳೀಲಿ. ಆಮ್ಯಾಲ ನೀನ ಹೇಳು," ಎಂದರು.

ನಾನು ಹೇಳಲಿಲ್ಲ. ಮೊದಲು ಮಾಳಪ್ಪನ ಅವ್ವನ ಬಾಯಿಗೆ ಹೆದರಿದೆ. ಮಗನ ನಸೀಬು ಕೆಡಿಸಿದವರಿಗೆ ಅವಳು ಬಾವಿಯ ಹತ್ತಿರ ದಿನಾ ಶಾಪ ಹಾಕುತ್ತಿದ್ದಳು. ಆಮೇಲೆ ನಾಳೆ ಹೇಳಿದರಾಯಿತು ಎಂದುಕೊಂಡೆ. ಮಾಳಪ್ಪ ಕುರಿ ಹೊಡೆದುಕೊಂಡು ಹೋಗುವಾಗ ಕಾಕಾನ ಮನೆಯ ಓಣಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದ. ಕಾಕಾ ಕಟ್ಟೆಯ ಮೇಲೆ ಕುಳಿತು ಕುರಿಗಳ ಗಂಟೆಯ ಸಪ್ಪಳ ದೂರವಾಗುವ ತನಕ ಆ ಕಡೆಯೇ ನೋಡುತ್ತಿದ್ದರು. ಒಂದು ವರ್ಷ ಸಣ್ಣ ಮಕ್ಕಳಿಗೆ ಕಲಿಸಿದರು, ಆಮೇಲೆ ಕೋಲುಗಳನ್ನು ಜಂತಿಗೆ ಸಿಗಿಸಿದರು. ಹೇಳಿದೆಯಾ ಎಂದು ನನ್ನನ್ನು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇನೋ.

ಹದಿನೈದಕ್ಕೆ ನನ್ನನ್ನು ತಿಕೋಂಡಿಗೆ ಕೊಟ್ಟರು. ತವರಿಗೆ ಬಂದಾಗಲೆಲ್ಲ ಈ ಸಲ ಹೇಳಿಯೇ ಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಐವತ್ತೆಂಟರಲ್ಲಿ ಕಾಕಾ ತೀರಿಕೊಂಡ ಸುದ್ದಿ ಬಂತು, ಓಡಿ ಬಂದೆ. ಊರಿಗೆ ಊರೇ ಮಣ್ಣಿಗೆ ಬಂದಿತ್ತು. ಮಾಳಪ್ಪ ಮಾತ್ರ ಬಂದಿರಲಿಲ್ಲ. ದೂರದ ಬಯಲಿನಲ್ಲಿ ಅವನ ಕುರಿ ಕಾಣುತ್ತಿದ್ದವು.

ಮರುದಿನ ನಾನೇ ಹುಡುಕಿಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಬಯ್ಯುತ್ತಾನೆ, ಹೊಡೆದರೂ ಹೊಡೆಯಲಿ ಎಂದು ನಿಂತೆ. ಅವನು ಕೋಲಿಗೆ ಗದ್ದ ಊರಿ ನಿಂತ. ಪುಣೆಯ ಮಾತನ್ನು ಅವನು ಎತ್ತಲೇ ಇಲ್ಲ.

"ನಿನ್ನೆ ಮುಂಜಾನಿ ಹೇಳಿದ್ರೂ ನಡೀತಿತ್ತಲ್ಲ ಗೌರವ್ವಾ," ಎಂದ. "ಒಂದು ಹಿಡಿ ಮಣ್ಣಾದ್ರೂ ಹಾಕಿ ಬರತಿದ್ದೆ."

ನನಗೀಗ ವಯಸ್ಸಾಗಿದೆ. ಅಂಗಳ ಸಾರಿಸುವುದನ್ನು ಸೊಸೆಯಂದಿರಿಗೇ ಬಿಟ್ಟಿದ್ದೇನೆ. ಸೊಂಟ ನೋವು ಎಂದಷ್ಟೇ ಅವರಿಗೆ ಹೇಳಿದ್ದೇನೆ.