ಗೋವಿನಕೋವಿಯ ಅಜ್ಜಿ ಹೊಸಬರಲ್ಲ

ನಾನು ಕನ್ನಡಕದ ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವವಳು. ಮಾಲೀಕರು ಒಬ್ಬರೇ; ಅಂಗಡಿಗಳು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಕಡೆ. ಗಿರಾಕಿಯ ಹೆಸರು ಹೊಡೆದರೆ ಹಿಂದಿನ ಸಲದ ಕಣ್ಣಿನ ನಂಬರ್ ಬರಬೇಕು. ಅಷ್ಟನ್ನೂ ನೆಟ್ಟಗೆ ಮಾಡಲಿಲ್ಲ.

ಈಚೆಗೆ ಡೇಟಾಬೇಸನ್ನು ಹೊಸ ಆವೃತ್ತಿಗೆ ಏರಿಸಿದೆ. ಹೆಸರು ಬೇಗ ಸಿಗಲೆಂದು ಅದರೊಳಗೆ ಅಕ್ಷರದ ಕ್ರಮದಲ್ಲಿ ಒಂದು ಇಂಡೆಕ್ಸ್ ಇರುತ್ತದೆ. ಹೊಸ ಆವೃತ್ತಿಯಲ್ಲಿ ಆ ಕ್ರಮ ಕೊಂಚ ಬದಲಾಗಿತ್ತು, ಇಂಡೆಕ್ಸ್ ಮಾತ್ರ ಹಳೆಯದೇ. ಅತ್ತೆ ಜೋಡಿಸಿಟ್ಟ ಡಬ್ಬಿಗಳ ಸಾಲಿಗೆ ಹೊಸ ಸೊಸೆ ತವರಿನ ರೂಢಿಯಲ್ಲಿ ಕೈಹಾಕಿ ಜೀರಿಗೆಯೇ ಇಲ್ಲ ಅಂದಂತೆ, ಕೆಲವು ಹೆಸರು ಒಳಗಿದ್ದರೂ ಸಿಗದೇ ಹೋಗಬಹುದು. ಇಂಡೆಕ್ಸನ್ನು ಹೊಸದಾಗಿ ಕಟ್ಟಬೇಕು ಎಂದು ಸೂಚನೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಓದಿದ್ದೆ ಕೂಡ. ಆದರೆ ಅದು ಮುಗಿಯುವವರೆಗೆ ನಾಲ್ಕೂ ಅಂಗಡಿಯಲ್ಲಿ ಬಿಲ್ ನಿಲ್ಲಬೇಕು, ಮಾಲೀಕರು ಮುಖ ಊದಿಸುತ್ತಾರೆ. ನನ್ನ ಹೆಸರು, ನಮ್ಮಮ್ಮನ ಹೆಸರು, ಮಾಲೀಕರ ಹೆಸರು ಹೊಡೆದು ನೋಡಿದೆ. ಬಂದವು. ಭಾನುವಾರ ಮಾಡಿದರಾಯಿತು ಎಂದು ಬ್ಯಾಗ್ ಹೆಗಲಿಗೇರಿಸಿದೆ.

ಮರುದಿನ ನ್ಯಾಮತಿ ಅಂಗಡಿಯಲ್ಲಿ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದೆ. ಗೋವಿನಕೋವಿಯ ಅಜ್ಜಿಯೊಬ್ಬರು ಮಗನ ಜೊತೆ ಬಂದರು. ಬಗ್ಗಿದಾಗ ಕನ್ನಡಕ ಕಾಲುವೆಗೆ ಬಿದ್ದು ಹೋಗಿತ್ತಂತೆ.

"ಹೋದ ವರ್ಷ ಇಲ್ಲೇ ಮಾಡ್ಸಿದ್ದೆ ಕಣವ್ವ. ಒಬ್ಬಳೇ ಬಸ್ಸಿಗೆ ಬಂದಿದ್ದೆ. ಅದೇ ನಂಬರ್ ಹಾಕಿ ಕೊಡ್ರಿ."

ಕೌಂಟರಿನಾಕೆ ಹೆಸರು ಹೊಡೆದಳು. "ನಿಮ್ಮ ಹೆಸರೇ ಇಲ್ಲ ಅಜ್ಜಿ. ಬೇರೆ ಅಂಗಡಿ ಇರ್ಬೇಕು."

"ಇದೇ ಅಂಗಡಿ. ಆ ಕುರ್ಚಿ ಮೇಲೇ ಕೂರಿಸಿ ಕಣ್ಣು ನೋಡಿದ್ರು."

ಮಗ ನನ್ನ ಕಡೆ ತಿರುಗಿದ. "ಶಿವಮೊಗ್ಗದಾಗೆ ಮಾಡ್ಸಿರ್ತಾಳ್ರಿ ಮೇಡಂ. ಈಗೀಗ ಮರೆವು ಜಾಸ್ತಿ ಆಗೈತೆ. ನಾವು ಹೇಳಿದ್ರೆ ಒಪ್ಪಲ್ಲ, ನೀವೇ ಒಂದು ಮಾತು ಹೇಳ್ರಿ."

ಆಗಲಾದರೂ ಇಂಡೆಕ್ಸ್ ನೆನಪಾಗಬೇಕಿತ್ತು ಎಂದು ಬರೆಯಲು ಹೊರಟಿದ್ದೆ. ಸುಳ್ಳು. ನೆನಪಾಗಿತ್ತು. ಆದರೆ ಅಂಗಡಿಗಳನ್ನು ನಿಲ್ಲಿಸಿ ಎಂದು ಮಾಲೀಕರಿಗೆ ಫೋನ್ ಮಾಡಿ ಬೈಸಿಕೊಳ್ಳುವವರು ಯಾರು? ಬಾಯಿ ಮುಚ್ಚಿಕೊಂಡು ಕೂತಿದ್ದರೂ ವಾಸಿಯಿತ್ತು.

"ಕಂಪ್ಯೂಟರಿಗೆ ಮರೆವು ಇರಲ್ಲ ಅಜ್ಜಿ," ಅಂದೆ.

ಅಜ್ಜಿ ಕುರ್ಚಿಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಹೊಸ ತಪಾಸಣೆಗೆ ಅದರ ಮೇಲೆಯೇ ಹೋಗಿ ಕೂತರು. ಗದ್ದ ಎಲ್ಲಿಡಬೇಕು ಎಂದು ಮೊದಲ ಸಲ ಬಂದವರಂತೆ ಕೇಳಿದ್ದು ನನಗೂ ಕೇಳಿಸಿತು.

ಭಾನುವಾರ ಇಂಡೆಕ್ಸ್ ಹೊಸದಾಗಿ ಕಟ್ಟಿದೆ. ಮೊದಲು ಹೊಡೆದದ್ದು ಅವರದೇ ಹೆಸರು. ಬಂತು: ಹೋದ ವರ್ಷದ ತಾರೀಖು, ನ್ಯಾಮತಿ ಅಂಗಡಿ, ಎರಡೂ ಕಣ್ಣಿನ ನಂಬರ್.

ಅವರು ಕನ್ನಡಕ ಒಯ್ಯಲು ಬರುವ ದಿನ ಬೇಕೆಂದೇ ನ್ಯಾಮತಿಗೆ ಹೋದೆ. ತಪ್ಪು ನನ್ನದು, ನೀವು ಹೇಳಿದ್ದೇ ಸರಿ ಎಂದು ತಾಯಿ ಮಗ ಇಬ್ಬರ ಎದುರಿಗೂ ಹೇಳಿದೆ. "ಇರ್ಲಿ ಬಿಡ್ರಿ, ಕನ್ನಡಕ ಬಂತಲ್ಲ," ಎಂದ ಮಗ. ನಾನು ಪರದೆಯನ್ನು ಅಜ್ಜಿಯ ಕಡೆ ತಿರುಗಿಸಿದೆ. ಹೊಸ ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದರು. ನಂತರ ನನ್ನನ್ನು ಕನಿಕರದಿಂದ ನೋಡಿದರು.

"ಮೊನ್ನೆ ಬರ್ಕಂಡ್ರಲ್ಲ, ಅದಿರ್ಬೇಕು. ನನ್ನ ಸಮಾಧಾನಕ್ಕೆ ಹೇಳ್ತೀಯ, ನಿನ್ನ ಹೊಟ್ಟೆ ತಣ್ಣಗಿರ್ಲವ್ವ."

"ಇಲ್ಲ ಅಜ್ಜಿ, ಇದು ಹೋದ ವರ್ಷದ್ದೇ. ತಾರೀಖು ನೋಡಿ."

ಅವರು ತಾರೀಖು ನೋಡಲಿಲ್ಲ. ಮಗನ ತೋಳು ಹಿಡಿದು ಮೆಟ್ಟಿಲಿಳಿಯುವಾಗ ನಿಂತು ಅವನನ್ನೇ ಕೇಳಿದರು: "ಹಂಗಾದ್ರೆ ಹೋದ ವರ್ಷ ನಾನೊಬ್ಬಳೇ ಬಂದಿದ್ನೋ, ನೀನೂ ಜೊತೆಗಿದ್ದೆಯೋ?"

ಶಿವಮೊಗ್ಗ ಎಂದಿದ್ದ ಮಗ ಬೈಕಿನ ಚಾವಿ ತೆಗೆಯುತ್ತ ಹೇಳಿದ: "ಇದ್ದೆ ಬಿಡವ್ವ. ನಾನೇ ಕರ್ಕೊಂಡು ಬಂದಿದ್ದೆ."

ಅಜ್ಜಿ ಹೂಂ ಅಂದರು.