ಅಂಚಿನ ಶಿಲುಬೆ

ವಿನೆಗರಿನ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ಉಪ್ಪಿನಕಾಯಿ ನೆನಪಾಗುತ್ತದೆ. ನನಗೆ ಸತ್ತ ಜರ್ಮನ್ನರು ನೆನಪಾಗುತ್ತಾರೆ. ಇದಕ್ಕೆ ನನ್ನ ಅಜ್ಜನೂ ಪಕ್ಕದ ಮನೆಯ ಮಿಸೆಸ್ ಬೆಂಡರ್ ಎಂಬ ಮುದುಕಿಯೂ ಜಂಟಿಯಾಗಿ ಹೊಣೆ. ಹಳೆಯ ದಾಖಲೆಗಳ ಚಿತ್ರ ಹಿಡಿದಿಟ್ಟ ಮೈಕ್ರೋಫಿಲ್ಮು ಕೆಡತೊಡಗಿದರೆ ವಿನೆಗರಿನಂತೆ ನಾರುತ್ತದೆ ಎಂಬುದನ್ನು ತಿಳಿಯದೆಯೇ ಬಹಳ ಜನ ಸುಖವಾಗಿ ಬದುಕಿ ಮುಗಿಸುತ್ತಾರೆ. ನನಗೆ ಅದು ಹನ್ನೊಂದನೇ ವಯಸ್ಸಿಗೇ ತಿಳಿದುಹೋಯಿತು. ಹೋದ ವಾರ, ಈಗ ನಾವಿರುವ ಬೆರ್ರಿಯೆಸಾದ ಮನೆಯ ಅಡುಗೆಮನೆಯಲ್ಲಿ, ಮಗಳು ಶಾಲೆಯ ಪ್ರಯೋಗಕ್ಕೆಂದು ತಂದಿದ್ದ ವಿನೆಗರಿನ ಬಾಟಲಿಯನ್ನು ನೆಲಕ್ಕೆ ಬೀಳಿಸಿದಳು. ಒರೆಸಲು ಬಗ್ಗಿದ ನಾನು ಏಳುವುದನ್ನು ಮರೆತೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಇದ್ದರೆ, ನಾನು ಬಟ್ಟೆ ಹಿಡಿದುಕೊಂಡು ಎಲ್ಲಿಗೆ ಹೋಗಿದ್ದೆ ಎಂದು ವಿವರಿಸಬೇಕಾಗಿಲ್ಲ.

ಆಗ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ಎಲ್ ಕಮೀನೋ ರಸ್ತೆಯ ಹಿಂದಿನ ಒಂದು ಬೀದಿಯಲ್ಲಿ ನಮ್ಮದು ತಗ್ಗು ಮಾಡಿನ ಬಾಡಿಗೆ ಮನೆ. ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಅವಳ ಕೆಲಸದಿಂದಾಗಿಯೇ ನಾವು ಹುಬ್ಬಳ್ಳಿ ಬಿಟ್ಟು ಬಂದದ್ದು, ಆಗ ನನಗೆ ಒಂಬತ್ತು ವರ್ಷ. ಅಪ್ಪನ ಆಫೀಸು ಸ್ಯಾನ್ ಮಟಿಯೋದಲ್ಲಿತ್ತು. ಅವರು ಖಾಯಮ್ಮಾಗಿ ಫ್ರೀವೇ ಮೇಲೆ ವಾಸವಾಗಿದ್ದು ನಮ್ಮ ಮನೆಗೆ ಅತಿಥಿಯಾಗಿ ಬಂದುಹೋಗುತ್ತಿದ್ದರು. ಮನೆ ನಿಜವಾಗಿ ನಡೆಯುತ್ತಿದ್ದುದು ಅಮ್ಮನ ಅಪ್ಪ, ನನ್ನ ಅಜ್ಜ, ಸಮುವೇಲ ಎಂಬವರಿಂದ. ಅವರ ಕೋಣೆಯಲ್ಲಿ ನುಸಿಗುಳಿಗೆ, ಶಾಯಿ ಮತ್ತು ಜೋಳದ ಹಿಟ್ಟಿನ ವಾಸನೆ ಬೆರೆತಿರುತ್ತಿತ್ತು. ಜೋಳದ ಹಿಟ್ಟನ್ನು ಅವರು ಅಡುಗೆಮನೆಯಲ್ಲಿಡಲು ಒಪ್ಪುತ್ತಿರಲಿಲ್ಲ, ಅಮೆರಿಕದ ಇರುವೆಗಳ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಕಂದು ಹ್ಯಾಟು, ಮೂರು ಗುಂಡಿಯ ಕೋಟು ತೊಟ್ಟು, ಯಾವುದೋ ಕಚೇರಿ ಅವರಿಗಾಗಿ ಬಾಗಿಲು ತೆರೆಯದೆ ಕಾಯುತ್ತಿದೆಯೇನೋ ಎಂಬ ಗಾಂಭೀರ್ಯದಿಂದ ಬೀದಿಯ ಕೊನೆಯ ಅಂಚೆಪೆಟ್ಟಿಗೆಯವರೆಗೆ ನಡೆದು ವಾಪಸ್ಸಾಗುತ್ತಿದ್ದರು.

ಅಜ್ಜನಿಗೆ ಒಂದು ವಿದ್ಯೆ ಇತ್ತು. ಹುಬ್ಬಳ್ಳಿಯ ಜರ್ಮನ್ ಪಾದ್ರಿಗಳ ಮಿಷನ್ ಕಂಪೌಂಡಿನಲ್ಲಿ ಹುಟ್ಟಿ ಬೆಳೆದವರು ಅವರು. ಹದಿನಾಲ್ಕನೇ ವಯಸ್ಸಿಗೆ, ಅಕ್ಷರ ದುಂಡಗಿವೆ ಎಂಬ ಒಂದೇ ಕಾರಣಕ್ಕೆ, ಗೆದ್ದಲು ಹಿಡಿದ ಚರ್ಚಿನ ರಿಜಿಸ್ಟರುಗಳನ್ನು ನಕಲು ಮಾಡುವ ಕೆಲಸ ಅವರ ಪಾಲಿಗೆ ಬಂತು. ಹಿಂದಿನ ಪಾದ್ರಿಗಳು ಅವುಗಳನ್ನು ಜರ್ಮನ್ ಭಾಷೆಯಲ್ಲಿ, ಈಗಿನ ಜರ್ಮನ್ನರೇ ಓದಲಾರದ ಹಳೆಯ ಕೈಬರಹದಲ್ಲಿ ತುಂಬಿದ್ದರು. ಬಲಕ್ಕೆ ವಾಲಿ, ಮೊನಚಾಗಿ, ಬೇಲಿಮುಳ್ಳು ಸಾಲಾಗಿ ನಿಂತಂತಿರುವ ಬರಹ. ಅಜ್ಜ ಅದನ್ನು ಓದಲು ಕಲಿತರು. ಜರ್ಮನ್ನಿನಲ್ಲಿ ಒಂದು ಲೋಟ ಕಾಫಿ ಕೇಳುವಷ್ಟು ಮಾತು ಅವರಿಗೆ ಬರುತ್ತಿರಲಿಲ್ಲ. ಆದರೆ ಯಾರು ಯಾವ ದಿನ ಹುಟ್ಟಿದರು, ದೀಕ್ಷಾಸ್ನಾನದಲ್ಲಿ ಕೂಸನ್ನು ಎತ್ತಿಕೊಂಡವರು ಯಾರು, ಯಾವ ಜ್ವರದಲ್ಲಿ ಹೋದರು ಎಂಬುದನ್ನೆಲ್ಲ ಆ ಭಾಷೆಯಲ್ಲಿ ಲೋಪವಿಲ್ಲದೆ ಹೇಳಬಲ್ಲವರಾಗಿದ್ದರು. ಇಂಥ ವಿದ್ಯೆಗೆ ಹುಬ್ಬಳ್ಳಿಯಲ್ಲೇ ಗಿರಾಕಿ ಇರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪಕ್ಕದ ಮನೆಯಲ್ಲೇ ಸಿಕ್ಕಿದರು.

ಮಿಸೆಸ್ ಬೆಂಡರ್ ಅವರ ಅಂಚೆಪೆಟ್ಟಿಗೆಯ ಮೇಲೆ ಕಪ್ಪು ಬಣ್ಣದಲ್ಲಿ ಒಂದು ಸಣ್ಣ ಶಿಲುಬೆ ಇತ್ತು. ಅಜ್ಜ ದಿನಾ ಅದರ ಮುಂದೆ ಬಂದಾಗ ಹ್ಯಾಟು ತೆಗೆದು ಎರಡು ಹೆಜ್ಜೆ ನಡೆದು ಮತ್ತೆ ಹಾಕಿಕೊಳ್ಳುತ್ತಿದ್ದರು. ಒಂದು ತಿಂಗಳು ಇದನ್ನು ಕಿಟಕಿಯಿಂದ ನೋಡಿದ ಆಕೆ ಕೊನೆಗೆ ನಿಂಬೆಹಣ್ಣಿನ ಬುಟ್ಟಿ ಹಿಡಿದು ಹೊರಬಂದು ಕಾರಣ ಕೇಳಿದರು. ಅಜ್ಜ ತಮ್ಮ ಮಿಷನ್ ಶಾಲೆಯ ಇಂಗ್ಲಿಷಿನಲ್ಲಿ, "ತಮ್ಮ ಮನೆಯಲ್ಲಿ ತೀರಿಕೊಂಡವರು ಯಾರು?" ಎಂದು ವಿನಯದಿಂದ ವಿಚಾರಿಸಿದರು. ಯಾರೂ ತೀರಿಕೊಂಡಿರಲಿಲ್ಲ. ಅದು ಬೆಂಡರ್ ಮನೆತನದ ಗುರುತು, ಇನ್ನೂರೈವತ್ತು ವರ್ಷಗಳಷ್ಟು ಹಳೆಯದು ಎಂದು ಆಕೆ ನಕ್ಕರು. ಅಜ್ಜ ಕ್ಷಮೆ ಕೇಳಿದರು. ಆದರೆ ಹ್ಯಾಟು ತೆಗೆಯುವುದನ್ನು ಮಾತ್ರ ಬಿಡಲಿಲ್ಲ. "ಗುರ್ತ ಇರಬಹುದವಾ," ಎಂದು ನನಗೆ ಹೇಳಿದರು, "ಆದ್ರ ನನ್ನ ಕೈ ತಾನ ಮ್ಯಾಲ ಹೋಗ್ತದ."

ಅಜ್ಜನಿಗೆ ಹಳೆಯ ಜರ್ಮನ್ ಬರಹ ಓದಲು ಬರುತ್ತದೆಂದು ತಿಳಿದದ್ದೇ, ಆಮೇಲೆ ಎರಡು ವರ್ಷ ವಾರಕ್ಕೆ ಮೂರು ಮಧ್ಯಾಹ್ನ ಮಿಸೆಸ್ ಬೆಂಡರ್ ಅವರ ಊಟದ ಮೇಜೇ ನಮ್ಮ ಕಚೇರಿ. ಗಂಡನಿಂದ ಬೇರೆಯಾಗಿ ತವರಿನ ಹೆಸರಿಗೇ ಮರಳಿದ್ದ, ಮಕ್ಕಳಿಲ್ಲದ ಆಕೆ ಮೂವತ್ತು ವರ್ಷ ಸೇರಿಸಿದ ಕಾಗದದ ಪೆಟ್ಟಿಗೆಗಳು ಗೋಡೆಯ ಉದ್ದಕ್ಕೂ ಇದ್ದವು. ಅವುಗಳಿಂದ ಒಂದು ವಂಶಚರಿತ್ರೆ ಬರೆದು ಅಚ್ಚು ಹಾಕಿಸಿ, ಬೇಸಿಗೆಯಲ್ಲಿ ಪೆನ್ಸಿಲ್ವೇನಿಯಾದಲ್ಲಿ ಸೇರಲಿರುವ ಬಂಧುಗಳಿಗೆಲ್ಲ ಹಂಚುವುದು ಆಕೆಗೆ ಉಳಿದಿದ್ದ ಒಂದೇ ಆಸೆ. ಕಥಾನಾಯಕ ಯೋಹಾನ್ ಮಿಖಾಯೆಲ್ ಎಂಬ ಯುವಕ. ಜರ್ಮನಿಯ ಹಳ್ಳಿಯಿಂದ ಹೊರಟು, ರೈನ್ ನದಿಯಲ್ಲಿ ತೇಲಿ, ರಾಟರ್‌ಡ್ಯಾಮಿನಲ್ಲಿ ಹಡಗು ಹತ್ತಿ ಫಿಲಡೆಲ್ಫಿಯಾದಲ್ಲಿ ಇಳಿದವನು. ಆಗ ಅಮೆರಿಕ ಇನ್ನೂ ಇಂಗ್ಲೆಂಡಿನ ರಾಜನದು. ಹಡಗಿನ ಪಟ್ಟಿಯಲ್ಲಿ ಅವನ ಹೆಸರನ್ನು ಗುಮಾಸ್ತ ಬರೆದಿದ್ದ, ಬರೆಯಲು ಬಾರದ ಅವನು ಪಕ್ಕದಲ್ಲಿ ಒಂದು ಶಿಲುಬೆಯಂಥ ಗೀಟು ಹಾಕಿದ್ದ. ಜರ್ಮನಿಯ ಹಳ್ಳಿಯ ಚರ್ಚಿನ ರಿಜಿಸ್ಟರಿನಲ್ಲೂ ಅವನ ಹೆಸರಿನ ಪಕ್ಕ ಅಂಚಿನಲ್ಲಿ ಅದೇ ಶಿಲುಬೆ ಇದೆಯೆಂದೂ, ಆದ್ದರಿಂದ ಇಬ್ಬರೂ ಒಬ್ಬನೇ ಎಂದೂ ಮಿಸೆಸ್ ಬೆಂಡರ್ ಸಾಧಿಸಿದ್ದರು. ಪುಸ್ತಕದ ರಟ್ಟಿನ ಮೇಲೆ ಅದೇ ಗುರುತು ಬರಲಿತ್ತು. ಕೈವಸ್ತ್ರಗಳ ಮೇಲೆ ಕಸೂತಿಯಾಗಿ ಆಗಲೇ ಬಂದಿತ್ತು. ಹಾಗಾಗಿ ನಾನು ಎರಡು ವರ್ಷ ಆ ಪವಿತ್ರ ಗುರುತಿನಿಂದಲೇ ಬಾಯಿ ಒರೆಸಿಕೊಂಡೆ.

ಅಜ್ಜ ಉಯಿಲು ಓದಿದರು, ಹಸು, ನೇಗಿಲು, ಗರಿಹಾಸಿಗೆಗಳ ಪಟ್ಟಿ ಓದಿದರು, ಮಗಳ ಮೇಲೆ ಮುನಿಸಿಕೊಂಡ ತಾಯಿಯ ಪತ್ರ ಓದಿದರು. ಕಾಫಿಯ ಪಾತ್ರೆ ಗೊಟಗೊಟ ಎನ್ನುತ್ತಿತ್ತು, ಹಿತ್ತಿಲಲ್ಲಿ ನಿಂಬೆಹಣ್ಣು ಕಳಚಿ ಬೀಳುತ್ತಿತ್ತು, ನಾನು ಮೇಜಿನಡಿ ಹೋಮ್‌ವರ್ಕು ಮಾಡುವಂತೆ ನಟಿಸುತ್ತಿದ್ದೆ. ಯೋಹಾನ್ ಮಿಖಾಯೆಲನ ದೀಕ್ಷಾಸ್ನಾನದ ಆ ಒಂದು ಪುಟವನ್ನು ಮಾತ್ರ ಅಜ್ಜನಿಗೆ ಯಾರೂ ತೋರಿಸಿರಲಿಲ್ಲ. ಅದನ್ನು ಬಹಳ ಹಿಂದೆ ಬೇರೆ ಯಾರೋ ಓದಿಕೊಟ್ಟು ಆಗಿತ್ತು. ಪುಸ್ತಕ ಅಚ್ಚಿಗೆ ಹೋಗಲು ಒಂದು ವಾರವಿದ್ದಾಗ, ಮೂಲ ನೋಡದೆ ನಕಲಿಗೆ ಒಪ್ಪಿಗೆ ಹಾಕುವುದು ತಮ್ಮ ಪದ್ಧತಿಯಲ್ಲ ಎಂದು ಅಜ್ಜ ಹಟ ಹಿಡಿದರು. ಆಕೆ ಜೆರಾಕ್ಸು ಪ್ರತಿ ತೆಗೆದುಕೊಟ್ಟರು. ಅಜ್ಜ ಅದನ್ನು ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು, ಕಾಫಿ ಅರ್ಧಕ್ಕೇ ಬಿಟ್ಟು ಮನೆಗೆ ಬಂದರು.

ಊಟಕ್ಕೆ ಕೂತಾಗ ವಿಷಯ ಹೊರಬಂತು. ಪಾದ್ರಿಗಳು ಹುಟ್ಟಿದ ಕೂಸಿನ ಹೆಸರಿನ ಪಕ್ಕ, ಅಂಚಿನಲ್ಲಿ, ಆಮೇಲೆ ಶಿಲುಬೆ ಹಾಕುವುದು ಒಂದೇ ಕಾರಣಕ್ಕೆ: ಕೂಸು ಸತ್ತಿತು ಎಂದು. ಬೆಂಡರ್ ಮನೆತನದ ಮೂಲಪುರುಷ ತೊಟ್ಟಿಲಲ್ಲೇ ತೀರಿಕೊಂಡಿದ್ದ. ಮಿಸೆಸ್ ಬೆಂಡರ್ ಮೂವತ್ತು ವರ್ಷ ಒಂದು ಸಾವಿನ ಸುದ್ದಿಯನ್ನು ಲಾಂಛನ ಮಾಡಿಕೊಂಡಿದ್ದರು.

"ಹೇಳಬ್ಯಾಡ್ರೀ ಅಪ್ಪಾ," ಅಂದಳು ಅಮ್ಮ, ರೊಟ್ಟಿ ಮುರಿಯುತ್ತ. "ಇನ್ನೂರೈವತ್ತು ವರ್ಷದ ಹಿಂದ ಸತ್ತ ಕೂಸು ಇನ್ನೊಂದು ಬ್ಯಾಸಗಿ ಬದುಕಿದ್ರ ಏನ್ ಹೋಗ್ತದ? ಆ ಮುದುಕಿಗೆ ಇರೂದ ಅದೊಂದು."

"ಸತ್ತ ಕೂಸನ್ನ ಹಡಗಾ ಹತ್ತಸೂದು ನನ್ನ ಕಡಿಂದ ಆಗೂದಿಲ್ಲ."

"ನೀವೇನ್ ಕ್ಯಾಪ್ಟನ್ನಾ?"

"ನಾ ಗುಮಾಸ್ತ."

ಆ ರಾತ್ರಿಯೇ ಅವರು ಎದ್ದು ಹೋಗಲಿಲ್ಲ. ಮೂರು ದಿನ ವಾಕಿಂಗಿಗೂ ಹೋಗಲಿಲ್ಲ. ನಾಲ್ಕನೆಯ ಬೆಳಿಗ್ಗೆ ಕೋಟು ತೊಟ್ಟು, ನನ್ನ ಕೈ ಹಿಡಿದು ಪಕ್ಕದ ಮನೆಗೆ ಹೋಗಿ, ಕೂರದೆ ನಿಂತೇ ಹೇಳಿದರು. ಮಿಸೆಸ್ ಬೆಂಡರ್ ಸಿಟ್ಟಾಗಲಿಲ್ಲ, ಅಳಲಿಲ್ಲ. ಮೇಜಿನ ಮೇಲಿದ್ದ ಕೈವಸ್ತ್ರವನ್ನು ಎತ್ತಿ, ಕಸೂತಿ ಒಳಗಾಗುವಂತೆ ಮಡಚಿದರು. "ನಿಮಗೆ ಖಚಿತವೇ, ಮಿಸ್ಟರ್ ಸ್ಯಾಮ್ಯುಯೆಲ್?" ಎಂದರು. ಖಚಿತ ಎಂದರು ಅಜ್ಜ. "ಹಾಗಾದರೆ ನಾನು ಯಾರು?" ಎಂದು ಆಕೆ ಕೇಳಿದ್ದು ನಮ್ಮನ್ನಲ್ಲ, ಗೋಡೆಯ ಪೆಟ್ಟಿಗೆಗಳನ್ನು. ನಾವು ಹೊರಬಂದ ಮೇಲೆ ಬಾಗಿಲು ಹಾಕಿಕೊಂಡಿತು. ಮೂರು ವಾರ ತೆರೆಯಲಿಲ್ಲ. ನಿಂಬೆಹಣ್ಣುಗಳು ಬಿದ್ದಲ್ಲೇ ಕೊಳೆತು ನಮ್ಮ ಹಿತ್ತಿಲವರೆಗೂ ಹುಳಿಯಾಗಿ ನಾರಿದವು. ಅಚ್ಚಿನ ದಿನ ದಾಟಿತು. ಒಂದು ದಿನ ನೋಡಿದರೆ ಅಂಚೆಪೆಟ್ಟಿಗೆಯ ಮೇಲಿನ ಗುರುತನ್ನು ಯಾರೋ ಕೆರೆದು ತೆಗೆದಿದ್ದರು. ಅಜ್ಜ ಅಲ್ಲಿ ಬಂದು, ಕೈ ಅರ್ಧ ಮೇಲೆತ್ತಿ, ತಮ್ಮ ಹ್ಯಾಟನ್ನು ಸುಮ್ಮನೆ ಸರಿಮಾಡಿಕೊಂಡರು. ಅಷ್ಟು ಒಂಟಿಯಾಗಿ ಅವರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನನಗೆ ಇಬ್ಬರ ಮೇಲೂ ಕೋಪ ಬಂದಿತ್ತು. ಹೆಚ್ಚಿನ ಪಾಲು ಸತ್ತ ಕೂಸಿನ ಮೇಲೆ.

ನಾಲ್ಕನೆಯ ವಾರ ಆಕೆಯೇ ಬಂದರು. ನಮ್ಮ ಅಡುಗೆಮನೆಯಲ್ಲಿ ನಿಂತು, "ಆ ಕೂಸು ಸತ್ತದ್ದು ನಿಜವಾದರೆ ಆ ಹೆಸರಿನಲ್ಲಿ ಹಡಗಿನಿಂದ ಇಳಿದವನು ಯಾರು?" ಎಂದು ಕೇಳಿದರು.

"ನನ್ನಂಥವನು ಇರಬೇಕು," ಎಂದರು ಅಜ್ಜ.

ಅಲ್ಲಿಯವರೆಗೆ ಅಮ್ಮನಿಗೂ ಗೊತ್ತಿರದ ಸಂಗತಿ ಅದು. ಹದಿನಾಲ್ಕನೇ ವಯಸ್ಸಿನಲ್ಲಿ ರಿಜಿಸ್ಟರು ನಕಲು ಮಾಡುತ್ತ ಅಜ್ಜ ತಮ್ಮ ಹೆಸರಿಗೆ ಬಂದು ತಲುಪಿದ್ದರು: ಸಮುವೇಲ, ಅದೇ ತಂದೆ, ಅದೇ ತಾಯಿ. ಅಂಚಿನಲ್ಲಿ ಶಿಲುಬೆ. ನಕಲು ಎಂದರೆ ನಕಲು. ತಮ್ಮ ಹೆಸರಿನ ಪಕ್ಕ ಅದನ್ನು ತಾವೇ ಹಾಕಿದರು. ಪುಟ ಮಗುಚಿದರೆ ಎರಡು ವರ್ಷದ ನಂತರ ಮತ್ತೊಬ್ಬ ಸಮುವೇಲ. "ಸತ್ತೀನಿ ಅಂತ ನನ್ನ ಕೈಲೇ ಬರದು, ಮಧ್ಯಾಹ್ನ ಮನಿಗೆ ಹೋಗಿ ಊಟಾ ಮಾಡಿದೆ," ಎಂದು ಅಮ್ಮನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. "ಅವ್ವ ಬೀಸಾಕತ್ತಿದ್ಲು. ಕೇಳಿದೆ. ಬೀಸೂ ಕಲ್ಲು ನಿಲ್ಲಸಲಿಲ್ಲಾಕಿ. ಕೂಸು ಹೋತು, ಹೆಸರೂ ಹೋಗಬಾರದು ಅಂತ ನಿನಗಿಟ್ಟೆ ಅಂದ್ಲು." ಹೋದ ಕೂಸಿನ ಹೆಸರನ್ನು ಮುಂದಿನದಕ್ಕೆ ಇಡುವುದು ಜರ್ಮನ್ ಹಳ್ಳಿಗಳಲ್ಲೂ ಇತ್ತು, ಅಲ್ಲಿಂದ ಬಂದ ಪಾದ್ರಿಗಳ ಕಂಪೌಂಡಿನಲ್ಲೂ ಇತ್ತು. ಆಮೇಲೆ ಇದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಮಿಸೆಸ್ ಬೆಂಡರ್‌ಗೆ ಹೇಳುವಾಗ ಬೀಸುವ ಕಲ್ಲಿಗೆ ಅವರಿಗೆ ಶಬ್ದ ಸಿಗಲಿಲ್ಲ. ಕೈಯಿಂದ ಗಾಳಿಯಲ್ಲಿ ಸುತ್ತಿ ತೋರಿಸಿದರು. ಆಕೆ ಆ ಕೈಯನ್ನೇ ನೋಡುತ್ತಿದ್ದರು.

ಇಬ್ಬರೂ ಸೇರಿ ಯೋಹಾನ್ ಮಿಖಾಯೆಲನ ಹಳ್ಳಿಯ ರಿಜಿಸ್ಟರಿನ ಮೈಕ್ರೋಫಿಲ್ಮನ್ನು ಲೈಬ್ರರಿಗೆ ತರಿಸಿಕೊಂಡರು. ಡಬ್ಬಿ ತೆರೆದಾಗ ಎದ್ದ ಹುಳಿವಾಸನೆಗೆ ನಾನು ಮೂಗು ಮುಚ್ಚಿಕೊಂಡೆ. ಇಬ್ಬರು ಮುದುಕರು ಸುಗಂಧ ಮೂಸಿದವರಂತೆ ಮುಂದಕ್ಕೆ ಬಾಗಿದರು. ಮಿಸೆಸ್ ಬೆಂಡರ್ ಹಿಡಿ ತಿರುಗಿಸಿದರು, ಅಜ್ಜ ಓದಿದರು, ಯಂತ್ರದ ಬೆಳಕಿನಲ್ಲಿ ಒಂದು ಹಳ್ಳಿಯ ಕೂಸುಗಳೆಲ್ಲ ಸಾಲಾಗಿ ಮೇಲಕ್ಕೇರಿ ಮರೆಯಾದವು. ಮೂರನೆಯ ಮಧ್ಯಾಹ್ನ ಅಜ್ಜ, "ನಿಲ್ಲಿಸಿ" ಎಂದರು. ಯೋಹಾನ್ ಮಿಖಾಯೆಲ್. ಅದೇ ತಂದೆ, ಅದೇ ತಾಯಿ, ಮೂರು ವರ್ಷದ ನಂತರ. ಅಜ್ಜ ಹೆಸರನ್ನು ಬಿಟ್ಟು ಪರದೆಯ ಅಂಚಿನ ಮೇಲೆ ಬೆರಳಿಟ್ಟು ಕೆಳಗಿನವರೆಗೆ ಎಳೆದರು. ಅಂಚು ಖಾಲಿ ಇತ್ತು. "ಬದುಕಿದ್ದಾನೆ," ಎಂದರು. ಮಿಸೆಸ್ ಬೆಂಡರ್ ಆಗ ಅತ್ತರು, ಲೈಬ್ರರಿಯ ನಿಯಮಕ್ಕೆ ಭಂಗ ಬರುವಷ್ಟು ಜೋರಾಗಿ.

ಹಡಗಿನ ಪಟ್ಟಿಯಲ್ಲಿ ಅವನ ವಯಸ್ಸು ಹತ್ತೊಂಬತ್ತು ಎಂದಿತ್ತು. ಲೆಕ್ಕಕ್ಕೆ ಮೂರು ವರ್ಷ ಕಡಿಮೆ ಬರುತ್ತಿದ್ದುದರಿಂದ, ಆತ ವಯಸ್ಸಿನ ಬಗ್ಗೆ ಸುಳ್ಳು ಹೇಳುವ ಸ್ವಭಾವದವನೆಂದು ಮಿಸೆಸ್ ಬೆಂಡರ್ ಅಡಿಟಿಪ್ಪಣಿಯಲ್ಲಿ ಬರೆದಿದ್ದರು. ಎರಡೂವರೆ ಶತಮಾನದ ನಂತರ ಅವನು ಆ ಆರೋಪದಿಂದ ಖುಲಾಸೆಯಾದ. ಪುಸ್ತಕ ಒಂದು ಬೇಸಿಗೆ ತಡವಾಗಿ ಬಂತು. ರಟ್ಟಿನ ಮೇಲೆ ಗುರುತಿಲ್ಲ. ಮೊದಲ ಪುಟದಲ್ಲಿ, ಎಲ್ಲರಿಗಿಂತ ಮೇಲೆ, ತೊಟ್ಟಿಲಲ್ಲಿ ಹೋದ ಕೂಸಿಗೆ ಒಂದು ಸಾಲು ಇದೆ, ಶಿಲುಬೆ ಸಮೇತ.

ಅಜ್ಜನಿಗೆ ಕೊಟ್ಟ ಪ್ರತಿ ಈಗ ನನ್ನ ಬಳಿ ಇದೆ. ಆ ಎರಡು ಮನೆಗಳಿದ್ದಲ್ಲಿ ಈಗ ಅಪಾರ್ಟ್‌ಮೆಂಟು; ನಿಂಬೆಗಿಡ ಇದ್ದ ಜಾಗದಲ್ಲಿ ಕಾರುಗಳಿಗೆ ಕರೆಂಟು ಕುಡಿಸುತ್ತಾರೆ. ನೆಲ ಒರೆಸಿ ಮುಗಿಸಿ ಪುಸ್ತಕ ತೆಗೆದೆ. ಹಿಂದಿನ ಖಾಲಿ ಹಾಳೆಯಲ್ಲಿ ಅಜ್ಜ ಆ ಬೇಲಿಮುಳ್ಳಿನ ಬರಹದಲ್ಲಿ ನಮ್ಮ ಮನೆಯ ಪಟ್ಟಿ ಬರೆದಿದ್ದಾರೆ. ಮೊದಲ ಸಮುವೇಲ, ಅಂಚಿನಲ್ಲಿ ಶಿಲುಬೆ. ಎರಡನೆಯ ಸಮುವೇಲ, ಅಲ್ಲೂ ಶಿಲುಬೆ; ಅದನ್ನು ಹಾಕಿದ್ದು ಅಜ್ಜನಲ್ಲ, ಗೀಟು ಸ್ವಲ್ಪ ನಡುಗಿದೆ. ಅಜ್ಜನನ್ನು ಮಣ್ಣು ಮಾಡಿ ಬಂದ ಮರುದಿನ ಮಿಸೆಸ್ ಬೆಂಡರ್ ಪುಸ್ತಕ ಕೇಳಿ ಒಯ್ದು, ಸಂಜೆಗೆ ವಾಪಸು ತಂದುಕೊಟ್ಟಿದ್ದರು. ಪುಸ್ತಕದ ವಂಶವೃಕ್ಷದ ಕೊನೆಯ ಕೊಂಬೆಯಲ್ಲಿ ಆಕೆಯ ಹೆಸರಿದೆ, ಕೆಳಗೆ ಯಾರೂ ಇಲ್ಲ. ಅದರ ಪಕ್ಕದ ಶಿಲುಬೆ ನನ್ನದು. ಕಾಲೇಜಿನಿಂದ ರಜಕ್ಕೆ ಬಂದಾಗ, ಅಡುಗೆಮನೆಯಲ್ಲಿ ನಿಂತು, ಬಾಲ್‌ಪೆನ್ನಿನಲ್ಲಿ ಹಾಕಿದ್ದು.

ಮಗಳು ಹಿಂದಿನ ಹಾಳೆಯ ಮೇಲೆ ಬಗ್ಗಿ, "ಇದು ಯಾವ ಲ್ಯಾಂಗ್ವೇಜು, ಮಾಮ್?" ಎಂದಳು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಆ್ಯಂಡ್ ದಿಸ್ ಒನ್? ಇದರ ಪಕ್ಕ ಏನೂ ಇಲ್ಲ."

ಅದು ನನ್ನ ಹೆಸರು. ಕುರ್ಚಿ ಎಳೆದುಕೋ ಎಂದೆ. ಈ ಅಕ್ಷರ ಓದಬಲ್ಲವರು ಮನೆಯಲ್ಲಿ ಇನ್ನೊಬ್ಬರು ಬೇಕು.